ಬಸ್ಸಿನಷ್ಟು ದೊಡ್ಡದು

“ನಿಲ್ಸಣ್ಣಾ ಬಸ್ಸು!” ಎಂದು ಮಗಳು ಕೂಗಿದ್ದೇ ತಡ, ಹೊಸ ಡ್ರೈವರ್ ಬ್ರೇಕ್ ಒತ್ತಿದ. ಸೀಟು ಬಿಚ್ಚಿ ಮಾಡಿದ ಜಾಗದಲ್ಲಿ ಮಲಗಿಸಿದ್ದ ಅಪ್ಪನ ಹೆಣ ಗೇಣುದ್ದ ಮುಂದಕ್ಕೆ ಸರಿಯಿತು.

“ಸ್ಮಶಾನ ಇನ್ನೂ ದೂರ ಇದೆ ಕಣೇ,” ಎಂದ ಸೋದರಮಾವ.

“ಗೊತ್ತು ಮಾವ. ಮೊದ್ಲು ಇಲ್ಲಿ ಕೆಲ್ಸ ಇದೆ.”

ಎದುರಿಗೆ ಬಾಹ್ಯಾಕಾಶ ಪ್ರಯೋಗಾಲಯದ ಗೇಟು. ಊರಿನ ಶಾಲೆ ಮಕ್ಕಳನ್ನೆಲ್ಲ ಇದೇ ಬಸ್ಸಿನಲ್ಲಿ ತಂದು ಇಲ್ಲಿ ಇಳಿಸುವುದರಲ್ಲೇ ಅಪ್ಪನ ಆಯಸ್ಸು ಸವೆದಿತ್ತು.

*

“ಒಳಗಿರೋ ನೌಕೆ ಹೇಗಿದೆ ಅಪ್ಪಾ?” ಎಂದು ಚಿಕ್ಕವಳಿದ್ದಾಗ ಕೇಳಿದ್ದಳು.

“ಥೇಟ್ ನಮ್ಮ ಬಸ್ಸಿನಷ್ಟು ದೊಡ್ಡದು ಪುಟ್ಟಿ. ಚಾಕ್ಲೇಟಿಗೆ ಸುತ್ತಿರ್ತಾರಲ್ಲ, ಆ ಥರ ಚಿನ್ನದ ಕಾಗ್ದ. ಗಾಳಿಗೆ ಪರಪರ ಅನ್ನುತ್ತೆ.”

ಮುಂದೆ ಅವಳ ಶಾಲೆಯೇ ಇಲ್ಲಿಗೆ ಬಂದಾಗ ಅಪ್ಪನ ಕೈ ಹಿಡಿದು ಎಳೆದಳು. ಅಪ್ಪ ಇಳಿಯಲಿಲ್ಲ. ಡ್ರೈವರ್ ಬಸ್ಸು ಬಿಟ್ಟು ಒಳಗೆ ಬರುವ ಹಾಗಿರಲಿಲ್ಲ. ನೋಡಿ ಬಂದ ಮಕ್ಕಳು ಹಿಂದಿನ ಸೀಟಿನಲ್ಲಿ ಹರಟಿದ್ದನ್ನೇ ಕೂಡಿಸಿ ಅಪ್ಪ ಇಡೀ ಕತೆ ಕಟ್ಟಿದ್ದ. ಆ ಗೇಟಿನ ಮೇಲೆ ಅಂದು ಅವಳಿಗೆ ಬಂದ ಸಿಟ್ಟು ಇನ್ನೂ ಆರಿರಲಿಲ್ಲ.

*

ಅಪ್ಪನಿಗೆ ಒಮ್ಮೆ ನೌಕೆ ತೋರಿಸಬೇಕೆಂದು ಮಗಳು ಕೇಳಿದಾಗ ಗೇಟಿನ ಕಾವಲುಗಾರ ಟೋಪಿ ತೆಗೆದು ನಿಂತ. “ನನಗೂ ಅಣ್ಣನ ಥರ ಇದ್ರಮ್ಮ. ಆದ್ರೆ ಡ್ರೈವರ್‌ನ ಒಳಗೆ ಬಿಡೋ ಹಾಗಿಲ್ಲ. ರೂಲ್ಸು.”

“ಡ್ರೈವರ್ ಅಲ್ಲಿ ಕೂತಿದಾರೆ ನೋಡಿ.” ಮಗಳು ಸ್ಟೇರಿಂಗಿನತ್ತ ಬೆರಳು ಚಾಚಿದಳು. “ಅಪ್ಪ ಇವತ್ತು ಪ್ಯಾಸೆಂಜರ್.”

ಸಾಹೇಬರಿಗೆ ತಿಳಿಸಲೆಂದು ಫೋನು ಹೊರತೆಗೆದವನು ಹೆಣದ ಮುಖ ನೋಡಿ ಅದನ್ನು ಮತ್ತೆ ಜೇಬಿಗಿಳಿಸಿದ.

“ಹಾಗಾದ್ರೆ ಕಾಲಿಗೆ ಕವರ್ ಹಾಕ್ಬೇಕು, ಒಳಗೆ ಧೂಳು ಹೋಗ್ಬಾರ್ದು. ಪ್ಯಾಸೆಂಜರ್ ಯಾರಾದ್ರೂ ಸರಿ.”

“ಇವ್ರೇನು ಎದ್ದು ನಡೀತಾರೇನಯ್ಯಾ?” ಎಂದು ಮಾವ ರೇಗಿದ.

“ಹಾಕೋಣ ಮಾವ. ಎಲ್ರೂ ಹೋದ ಹಾಗೇ ಹೋಗ್ಲಿ.” ಬಾಗಿ, ಅಪ್ಪನ ತಣ್ಣಗಿನ ಪಾದಗಳಿಗೆ ತಾನೇ ನೀಲಿ ಕವರು ತೊಡಿಸಿದಳು.

ಹೆಗಲು ಕೊಟ್ಟು ಒಳಗೆ ತಂದರು. ಆಕಾಶಕ್ಕೆ ಹಾರಿಹೋದ ನೌಕೆಯ ಹಾಗೇ ಮಾಡಿಟ್ಟ ಅದರ ಅವಳಿ ಅಲ್ಲಿ ನಿಂತಿತ್ತು. ಬಾಗಿಲು ತೆರೆದ ಗಾಳಿಗೆ ಅದರ ಚಿನ್ನದ ಹೊದಿಕೆ ಪರಪರ ಅಂದಿತು. ಅದರ ಹೊಳಪು ಅಪ್ಪನ ಮುಖದ ಮೇಲೆಲ್ಲ ಚೆಲ್ಲಿತು.

“ಇದೆಲ್ಲೇ ಬಸ್ಸಿನಷ್ಟಿದೆ?” ಮಾವ ಕಣ್ಣರಳಿಸಿದ. “ನಮ್ಮ ಅಡುಗೆಮನೆಯಷ್ಟೂ ಇಲ್ಲ! ಭಾವ ಎಲ್ರ ಕಿವಿಗೂ ಹೂವಿಟ್ಟಿದ್ರು!”

ಮಗಳು ಅಳುತ್ತಲೇ ನಕ್ಕುಬಿಟ್ಟಳು. “ಅಪ್ಪ ಇವತ್ತೇ ಅಲ್ವಾ ಮಾವ ನೋಡ್ತಿರೋದು!”

ಬಸ್ಸಿಗೆ ಮರಳಿದ ಮೇಲೆ ಮಾವ ಕವರು ಬಿಚ್ಚಲು ಕೈಹಾಕಿದ. ಅವಳು ಆ ಕೈ ಸರಿಸಿದಳು. ಹೊಸ ಡ್ರೈವರ್ ಸ್ಮಶಾನದವರೆಗೂ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ರಸ್ತೆಯ ಉಬ್ಬು ಸಿಕ್ಕಾಗಲೆಲ್ಲ ಅಪ್ಪನ ಎರಡು ನೀಲಿ ಪಾದಗಳು ಕುಣಿಯುತ್ತಿದ್ದವು.