ಕೊನೆಗೆ ಬರುವ ಕೈ

ಅರುಣೋದಯಕ್ಕೂ ನೆತ್ತರಿಗೂ ಒಂದೇ ಬಣ್ಣ ಬಳಿದ ಪ್ರಕೃತಿಯ ನಿರ್ದಾಕ್ಷಿಣ್ಯವನ್ನು ಏನೆಂದು ಹೇಳಲಿ, ಸಹೃದಯರೇ! ಗಾಜಿನ ಕಾರ್ಖಾನೆಯ ಹೆಬ್ಬಾಗಿಲ ಮುಂದೆ, ಹಿಂದಿನ ದಿನ ಪುಡಿಯಾಗಿ ಬಿದ್ದಿದ್ದ ಬಾಟಲಿ ಚೂರುಗಳ ಮೇಲೆ ಬೆಳಗಿನ ಎಳೆಬಿಸಿಲು ಹರಿದಾಗ, ರಸ್ತೆಗೆ ರಸ್ತೆಯೇ ಮುತ್ತು ಮಾಣಿಕ್ಯ ಹಾಸಿದಂತೆ ಮಿನುಗಿತು. ಬಾಗಿ ನೋಡಿದವರಿಗೆ ಮಾತ್ರ ಆ ಮಾಣಿಕ್ಯ ಯಾವುದೆಂದು ತಿಳಿಯುತ್ತಿತ್ತು. ಉಂಗುಷ್ಟ ಕಿತ್ತ ಚಪ್ಪಲಿಗಳು, ಹರಿದ ಅಂಗಿಯ ಒಂದು ತೋಳು, ಇಬ್ಭಾಗವಾದ ಲಾಠಿ... ಕುಲುಮೆಯ ಚಿಮಣಿ ಹೊಗೆಯುಗುಳುವುದನ್ನು ಮರೆತು ನಿಂತಿತ್ತು. ಎಷ್ಟೋ ವರ್ಷಗಳ ಮೇಲೆ ಆ ಬೀದಿಯ ಆಕಾಶ ತೊಳೆದಿಟ್ಟ ಬಟ್ಟಲಿನಂತೆ ನಿರ್ಮಲವಾಗಿತ್ತು, ಮತ್ತು ಆ ನೈರ್ಮಲ್ಯದ ಕೆಳಗೆ ಎರಡು ಹೆಣ ಬಿದ್ದಿದ್ದವು.

ಒಂದು, ಊದುವ ತಾತನದು. ಕಾದ ಗಾಜಿಗೆ ಜೀವಮಾನವಿಡೀ ತನ್ನ ಉಸಿರು ತುಂಬಿ, ಸಿರಿವಂತರ ಪಾನಪಾತ್ರೆಗಳಿಗೆ ದುಂಡು ಹೊಟ್ಟೆ ಕೊಟ್ಟು, ಎದೆಗೂಡು ಒಣಗಿಸಿಕೊಂಡವನು ಆತ. ಕುಲುಮೆಯ ಬಾಯಿಗೆ ತಡೆಗೋಡೆ ಕಟ್ಟಿಸಿ ಎಂದು ಕೇಳಲು ಎಲ್ಲರಿಗಿಂತ ಮುಂದೆ ಹೋದದ್ದೇ ಆತನ ಅಪರಾಧ. ಇನ್ನೊಂದು, ಮೀಸೆ ಆಗಷ್ಟೇ ಚಿಗುರಿದ್ದ ಕಾವಲುಗಾರನೊಬ್ಬನದು. ‘ಕಾರ್ಮಿಕರೇ ಮೊದಲು ಕೈಮಾಡಿದರು, ಮುದುಕ ನೂಕುನುಗ್ಗಲಿಗೆ ಸಿಕ್ಕಿ ಸತ್ತ’ ಎಂದು ಮಾಲೀಕರು ಹೇಳಿಕೆ ಕೊಟ್ಟರು. ಬಾಗಿಲ ಮೇಲಿನ ಕ್ಯಾಮರಾಗಳಿಗೆ ಸರಿಯಾಗಿ ಆ ಗಳಿಗೆಯಲ್ಲೇ ಕಣ್ಣು ಹೋಗಿತ್ತಂತೆ. ದುಡ್ಡಿದ್ದವರ ಮನೆಯ ಯಂತ್ರಗಳಿಗೂ ಎಂಥ ಸಮಯಪ್ರಜ್ಞೆ!

ಆದರೆ ಮುಚ್ಚದೆ ಉಳಿದ ಎರಡು ಕಣ್ಣುಗಳಿದ್ದವು.

ಅವಳನ್ನು ಕಾರ್ಖಾನೆಯಲ್ಲಿ ಎಲ್ಲರೂ ‘ಅಚ್ಚು’ ಎನ್ನುತ್ತಿದ್ದರು. ಗಾಜಿನ ಮೇಲೆ ಹೂಬಳ್ಳಿ ಬರೆಯುವ ವಿಭಾಗದವಳು. ಒಂದು ಮಾದರಿಯನ್ನು ಒಮ್ಮೆ ನೋಡಿ, ತಿಂಗಳ ಮೇಲೆ ಎಲೆಯ ನರವೂ ತಪ್ಪದಂತೆ ಬರೆಯುವವಳು. ಆಟಿಸಂ ಎಂದು ವೈದ್ಯರು ಬಾಲ್ಯದಲ್ಲೇ ಹೇಳಿದ್ದರು. ಮೇಲ್ವಿಚಾರಕರು ಅವಳನ್ನು ಯಂತ್ರವೆಂದು ಹೊಗಳಿ, ಯಂತ್ರದಂತೆಯೇ ದುಡಿಸಿಕೊಂಡರು. ಯಂತ್ರವೇ ಆಗಿದ್ದರೆ ಸೈರನ್ನು ಕೂಗಿದಾಗ ಕಿವಿ ಮುಚ್ಚಿಕೊಂಡು ಮೇಜಿನಡಿ ನಡುಗುತ್ತಿದ್ದವಳು ಯಾರು?

ಕುಲುಮೆಯಲ್ಲಿ ದುಡಿಯುತ್ತಿದ್ದ, ಗೆಳೆಯರು ‘ಕೆಂಡ’ ಎಂದು ಕರೆಯುತ್ತಿದ್ದ ಕುಲುಮೆಯವನು ಮಾತ್ರ ಆ ನಡುಕವನ್ನು ಕಂಡವನು. ಸೈರನ್ನು ಕೂಗುವ ಮುನ್ನ ಕಿಟಕಿಯಾಚೆ ಬಂದು ಸುಮ್ಮನೆ ಕೈಯೆತ್ತಿ ಸನ್ನೆ ಮಾಡುತ್ತಿದ್ದ. ಅವಳು ಹತ್ತಿಯನ್ನು ಕಿವಿಗಿಟ್ಟುಕೊಳ್ಳುತ್ತಿದ್ದಳು. ಪ್ರೇಮವೆಂಬ ಮಹಾಶಬ್ದಕ್ಕೆ ಅವರಿಬ್ಬರ ಬಳಿ ಇದ್ದ ಅರ್ಥ ಅಷ್ಟೇ... ಅಷ್ಟೂ! ಬೆಂಕಿ ತಿಂದು ಗಂಟುಗಟ್ಟಿದ್ದ ತನ್ನ ಬಲಗೈಯನ್ನು ಆತ ಸದಾ ಜೇಬಿನಲ್ಲಿ ಬಚ್ಚಿಡುತ್ತಿದ್ದ. ಒಂದು ದಿನ ಅವಳು ಒಂದು ಹಾಳೆ ಕೊಟ್ಟಳು. ಅದರಲ್ಲಿ ಆ ಕೈ, ಒಂದೊಂದು ಸುಟ್ಟ ಕಲೆಯೂ ಮಳೆ ಬಿದ್ದ ಹೊಲದ ಮಣ್ಣಿನಂತೆ ಉಬ್ಬಿ, ಸತ್ಯವಾಗಿ ಮೂಡಿತ್ತು.

“ಚೆನ್ನಾಗಿದೆ” ಎಂದಿದ್ದಳು, ಅವನ ಭುಜದಾಚೆ ನೋಡುತ್ತ. “ಚಿತ್ರ ಅಲ್ಲ. ಕೈ.”

“ಹುಷಾರು ಕಣೋ ಕೆಂಡ” ಎಂದು ಗೆಳೆಯರು ಛೇಡಿಸಿದ್ದರು. “ಅಚ್ಚು ಕಣ್ಣಿಗೆ ಬಿದ್ರೆ ನಿನ್ನ ತೂತು ಬನಿಯನ್ನೂ ಬಿಡಲ್ಲ.”

ಅಂದಿನಿಂದ ಆತ ಕೈಯನ್ನು ಜೇಬಿಗಿಟ್ಟಿರಲಿಲ್ಲ.

ಈಗ ಕಾರ್ಮಿಕ ಸಂಘದ ಕೋಣೆಯಲ್ಲಿ ಉದ್ದನೆಯ ಮೇಜಿನ ಮೇಲೆ ದಪ್ಪ ಹಾಳೆ ಹಾಸಿದ್ದರು. ಸಂಘದ ವಕೀಲೆ ಹೊರಡುವ ಮುನ್ನ ಹೇಳಿದ್ದಳು: “ಅಚ್ಚು ಕಣ್ಣಾರೆ ಕಂಡಿದ್ದರ ಚಿತ್ರವನ್ನ ವಿಚಾರಣೆ ಅಧಿಕಾರಿ ನೋಡ್ತೀನಿ ಅಂದಿದ್ದಾರೆ. ಪೂರ್ತಿ ಬೇಕು. ಒಂದಂಚು ಹರಿದಿದ್ರೂ ಆ ಕಡೆಯವರು ಬಿಡಲ್ಲ. ಸಂಜೆ ಬಂದು ತಗೊಂಡು ಹೋಗ್ತೀನಿ.”

ಅಚ್ಚು ಬರೆಯುವ ಬಗೆಯೇ ಬೇರೆ. ಅವಳು ಮೊದಲು ಹೊರಗೆರೆ ಎಳೆದು ಆಮೇಲೆ ಒಳಗು ತುಂಬುವವಳಲ್ಲ. ಬಲದಂಚಿನಿಂದ ಆರಂಭಿಸಿ, ಮಗ್ಗದಿಂದ ಬಟ್ಟೆ ಹೊರಬರುವಂತೆ, ಒಂದೊಂದೇ ಪಟ್ಟಿಯನ್ನು ಪರಿಪೂರ್ಣಗೊಳಿಸುತ್ತ ಎಡಕ್ಕೆ ಸಾಗುವವಳು. ಗುಂಡಿ, ನೊಣ, ರಕ್ತ... ಎಲ್ಲಕ್ಕೂ ಒಂದೇ ಮರ್ಯಾದೆ. ಪಕ್ಕದಲ್ಲಿ ಕುಲುಮೆಯವನು ಬ್ಲೇಡು ಹಿಡಿದು ಅವಳ ಬಣ್ಣದ ಪೆನ್ಸಿಲುಗಳ ಮೊನೆ ಹೆರೆಯುತ್ತ ಕುಳಿತಿದ್ದ. ಎದುರಿಗೆ ಅವಳ ಒಡಹುಟ್ಟಿದ ಅಣ್ಣ, ಸಂಘದ ಕಾರ್ಯದರ್ಶಿ.

ಬಿಸಿಲೇರುವಷ್ಟರಲ್ಲಿ ಕಾವಲು ದಳದ ಮುಖ್ಯಸ್ಥ ಮೂಡಿದ. ಎತ್ತಿದ ಲಾಠಿ, ಹಲ್ಲು ಕಚ್ಚಿದ ದವಡೆ, ಮಣಿಕಟ್ಟಿನಲ್ಲಿ ಹೊಳೆಯುವ ಗಡಿಯಾರ. ಅವನ ಕಾಲಡಿಯಲ್ಲಿ ತಾತ. ಒಡೆದ ನೆತ್ತಿ, ಇನ್ನೊಂದು ಏಟಿಗೆ ಅಡ್ಡ ಹಿಡಿದ ಬರಿಗೈ. ಅಣ್ಣ ಮುಷ್ಟಿ ಬಿಗಿದು ಅತ್ತ. “ಸಿಕ್ಕಿಬಿದ್ದ ನನ್ಮಗ” ಎಂದ.

ಚಿತ್ರ ಮತ್ತೆ ಎಡಕ್ಕೆ ಸಾಗಿತು. ಎಳೆ ಮೀಸೆಯ ಕಾವಲುಗಾರ ಬಂದ. ಅವನ ಲಾಠಿ ನೆಲದಲ್ಲಿ ಬಿದ್ದಿತ್ತು. ಎರಡೂ ಅಂಗೈಗಳು ತೆರೆದುಕೊಂಡಿದ್ದವು, ಬೇಡ ಎನ್ನುವಂತೆ. ಅವನ ಹಣೆಗೆ ತಾಗಿದ ಕಬ್ಬಿಣದ ತುದಿ... ಗಾಜು ಊದುವ ಕೊಳವೆಯದು. ಚರ್ಮ ಬಿರಿದು, ಹುಬ್ಬಿನ ಮೇಲೆ ಹಣ್ಣು ಸೀಳಿದಂತೆ ಕೆಂಪು ಬಾಯ್ದೆರೆದಿತ್ತು.

ಕೋಣೆಯಲ್ಲಿ ಬ್ಲೇಡಿನ ಸದ್ದು ನಿಂತಿತು.

“ಆ ಕೊಳವೆ ಯಾರ ಕೈಲಿತ್ತು?” ಅಣ್ಣ ಕೇಳಿದ.

“ನನ್ನ ಕೈಲಿ” ಎಂದ ಕುಲುಮೆಯವನು. “ತಾತ ಬಿದ್ದಿದ್ದು ನೋಡ್ದೆ. ಆಮೇಲೆ ಎದುರಿಗೆ ಯಾರಿದ್ದಾರೆ ಅಂತ ನೋಡ್ಲಿಲ್ಲ. ಅವನು ಲಾಠಿ ಬಿಟ್ಟಿದ್ದ, ಅಣ್ಣಾ. ನಂಗೆ ಗೊತ್ತಾಯ್ತು. ಕೈ ನಿಲ್ಲಲಿಲ್ಲ.”

ಅಣ್ಣ ಎದ್ದ. “ಇಲ್ಲಿಗೆ ಸಾಕು. ಇಲ್ಲೇ ಕತ್ತರಿಸ್ತೀನಿ. ಅವಳಿಗೆ ಸುಸ್ತಾಯ್ತು ಅಂತ ಹೇಳೋಣ.”

ಆತ ಹಾಳೆಗೆ ಕೈಹಾಕಿದ್ದೇ ತಡ, ಅಚ್ಚು ಕಿರುಚಿದಳು. ಆ ಕಿರುಚಾಟದಲ್ಲಿ ಗಾಜು ಒಡೆಯುವ ಸದ್ದಿತ್ತು. ಮೇಜಿಗೆ ಹಣೆ ಚಚ್ಚಿಕೊಂಡಳು, ಮತ್ತೆ ಚಚ್ಚಿಕೊಂಡಳು. ಹುಬ್ಬು ಹರಿದು ಮರದ ಮೇಲೆ ರಕ್ತ ಚಿಮ್ಮಿತು. ಕುಲುಮೆಯವನು ಅವಳನ್ನು ಹಿಡಿಯಲಿಲ್ಲ. ಮುಟ್ಟಿದರೆ ನೋವು ಹೆಚ್ಚುವುದೆಂದು ಬಲ್ಲ. ಅಣ್ಣನ ಕತ್ತುಪಟ್ಟಿ ಹಿಡಿದು ಗೋಡೆಗೆ ಒತ್ತಿದ; ಅಂಗಿಯ ಗುಂಡಿಗಳು ಉದುರಿದವು. ಎಡಗೈಯಿಂದ ತನ್ನ ಶಾಲನ್ನು ಅವಳ ಹಣೆಗೂ ಮೇಜಿಗೂ ನಡುವೆ ಎಸೆದ.

ಅವಳು ಶಾಲಿನಿಂದ ತಲೆಯೆತ್ತಿದಳು.

“ನಿಲ್ಸಿದ್ರೆ ಅದು ಒಳಗೇ ಓಡುತ್ತೆ” ಎಂದಳು. “ತಾತನಿಗೆ ಹೊಡೀತಾನೇ ಇರ್ತಾರೆ. ಕಣ್ಮುಚ್ಚಿದ್ರೂ ಹೊಡೀತಾರೆ. ಪೂರ್ತಿ ಬರೆದ್ರೆ ಹೊರಗೆ ಹೋಗುತ್ತೆ.”

ಕುಲುಮೆಯವನು ಅಣ್ಣನನ್ನು ಬಿಟ್ಟು ಅವಳ ಪಕ್ಕ ಕುಳಿತ. “ಮುಂದೆ ಬರೋದು ನನ್ನ ಕೈ. ಬರೆದ್ರೆ ನನ್ನನ್ನ ಕರ್ಕೊಂಡು ಹೋಗ್ತಾರೆ. ಗೊತ್ತಾ?”

“ಗೊತ್ತು.” ಪೆನ್ಸಿಲನ್ನು ಹಾಳೆಯಿಂದ ಮೇಲೆತ್ತಿದಳು. “ನೀನು ಬೇಡ ಅಂದ್ರೆ ಬರೆಯಲ್ಲ. ಒಳಗೆ ಇಟ್ಕೋತೀನಿ.”

ಓದುಗರೇ, ಒಬ್ಬಳು ತನ್ನ ಕಣ್ಣೊಳಗಿನ ನರಕವನ್ನು ಆಜೀವ ಹೊತ್ತುಕೊಳ್ಳುವೆನೆಂದು ಇಷ್ಟು ಸರಳವಾಗಿ ಹೇಳಿದ್ದನ್ನು ನೀವು ಕೇಳಿದ್ದೀರಾ? ಕಿಟಕಿಯಲ್ಲಿ ಸಂಜೆಯ ಹೊಂಬಿಸಿಲು ಕರಗಿದ ಗಾಜಿನಂತೆ ಜಿನುಗುತ್ತಿತ್ತು. ಆತ ತನ್ನ ಬಲಗೈಯನ್ನು ನೋಡಿಕೊಂಡ. ನಂತರ ಬ್ಲೇಡು ಎತ್ತಿಕೊಂಡ.

“ಮೊನೆ ಹೋಗಿದೆ” ಎಂದ. “ಕೊಡು ಇಲ್ಲಿ.”

ಆತ ಹೆರೆದ. ಅವಳು ಬರೆದಳು. ಕೊಳವೆ ಉದ್ದವಾಯಿತು, ಬೆರಳುಗಳು ಬಂದವು, ಒಂದೊಂದು ಸುಟ್ಟ ಕಲೆಯೂ, ಅಂದಿನ ಆ ಹಾಳೆಯಲ್ಲಿ ಇದ್ದಷ್ಟೇ ಅಕ್ಕರೆಯಿಂದ, ಇದ್ದಷ್ಟೇ ಸತ್ಯವಾಗಿ ಬಂತು. ಕೊನೆಗೆ ಅವನ ಮುಖ: ಕ್ರೋಧದಿಂದ ವಿರೂಪಗೊಂಡ, ಪಶುವಿನಂಥ, ಅಳುತ್ತಿದ್ದ ಮುಖ. ತಾನು ಅಳುತ್ತಿದ್ದೆನೆಂಬುದು ಆತನಿಗೆ ಆಗಷ್ಟೇ ತಿಳಿದದ್ದು.

ವಕೀಲೆ ಬಂದು ಚಿತ್ರವನ್ನು ನೋಡಿದಳು, ಅವನನ್ನು ನೋಡಿದಳು. “ಇದನ್ನೇ ಕೊಡಬೇಕಾ?”

“ಇದನ್ನೇ. ನಾನೂ ಬರ್ತೀನಿ” ಎಂದು ಆತ ಎದ್ದು, ಬಲಗೈಯನ್ನು ಮೇಜಿನ ಮೇಲಿಟ್ಟ. ಯಾರನ್ನೂ ತಾನಾಗಿ ಮುಟ್ಟದ ಅಚ್ಚು, ಆ ಕೈಯ ಒಂದು ಕಲೆಯ ಮೇಲೆ ಬೆರಳಿಟ್ಟು, ಹಾಳೆಯತ್ತ ತಿರುಗಿ ನೋಡಿ, ಮತ್ತೆ ಕೈಯನ್ನು ನೋಡಿದಳು.

“ಸರಿಯಾಗಿದೆ” ಎಂದಳು. ಬೆರಳು ಮಾತ್ರ ತೆಗೆಯಲಿಲ್ಲ.

ಪ್ರಿಯವಾದುದನ್ನು ಬೆಳಕಿನಲ್ಲಿಟ್ಟು, ಮಸಿಯಾದುದನ್ನು ಅಳಿಸಿ, ಉಳಿದ ಅರ್ಧಕ್ಕೆ ಒಲವೆಂದು ಹೆಸರಿಟ್ಟುಕೊಂಡವರು ನಾವು. ನೆತ್ತರಂಟಿದ ಕೈಯನ್ನು ನೆತ್ತರಿನ ಸಮೇತ ನೋಡಿ, ಅದು ಮಾಡಿದ್ದನ್ನು ಕಿಂಚಿತ್ತೂ ಮನ್ನಿಸದೆ, ಅದರ ಮೇಲಿಟ್ಟ ಬೆರಳನ್ನೂ ತೆಗೆಯದೆ ನಿಲ್ಲುವ ಹೃದಯ... ಅದು ಎಷ್ಟು ಮಂದಿಗೆ ದಕ್ಕೀತು! ಹೊರಗೆ ಕತ್ತಲು ಕವಿಯುವ ಮುನ್ನ ಚೂರುಗಾಜುಗಳು ಕೊನೆಯ ಬಾರಿ ಮಿನುಗಿದವು. ಅವುಗಳ ಮೇಲೆ ಹೆಜ್ಜೆಯಿಟ್ಟು ನಡೆದವನ ಕೈ ಜೇಬಿನಲ್ಲಿರಲಿಲ್ಲ.