ಸ್ವಾತಿಯ ಜಾಗ

ಪ್ರಿಂಟರ್ ಕಿರುಗುಟ್ಟುತ್ತಾ ಉಗುಳಿದ ಅರ್ಚನೆ ಚೀಟಿಯಲ್ಲಿ ಚೂಡಾಮಣಿ, ಸ್ವಾತಿ ನಕ್ಷತ್ರ ಅಂತಿದೆಯಲ್ಲ, ಇದೆಂಥ ಎಡವಟ್ಟು, ತನ್ನದು ಪುಷ್ಯ, ಸ್ವಾತಿ ಗಿರಿಧರಣ್ಣಂದು — ಹೊಳೆನರಸೀಪುರದ ಈ ದೇವಸ್ಥಾನದ ಆಫೀಸಿನಲ್ಲಿ ಚೀಟಿ ಕೊಡುವ ಕೆಲಸಕ್ಕೆ ಕೂತು ಬೆಳಿಗ್ಗೆ ಅವಳು ತನ್ನ ಮನೆಯ ದಾಖಲೆಯಿಂದ ಅಳಿಸಿದ್ದು ಅಣ್ಣನ ಹೆಸರನ್ನು ಮಾತ್ರ, ಹೋದವರ ಹೆಸರಲ್ಲಿ ಅರ್ಚನೆ ಮಾಡೋಕಾಗಲ್ಲಮ್ಮ ಅಂದಿದ್ದರು ಅರ್ಚಕರು, ಅಳಿಸಿದಳು, ಕೆಳಗಿದ್ದ ಅವಳ ಹೆಸರು ಮೇಲೆ ಸರಿದು ಅಣ್ಣನ ನಕ್ಷತ್ರದ ಎದುರಿಗೆ ಬಂದು ಕೂತಿದೆ, ಹಳೇ ಸಾಫ್ಟ್‌ವೇರಿನಲ್ಲಿ ಹೀಗಾಗುತ್ತಿರಲಿಲ್ಲ, ಹಳೇದು ಅವನೇ ಮಾಡಿದ್ದು, ತೊಂಬತ್ತಾರರಲ್ಲಿ, ಹಾಸನದ ಕಂಪ್ಯೂಟರ್ ಕ್ಲಾಸಿನಿಂದ ಕಲಿತು ಬಂದು, ಗೋತ್ರಕ್ಕೊಂದು ಟೇಬಲ್, ಹೆಸರಿಗೊಂದು, ನಕ್ಷತ್ರಕ್ಕೊಂದು, ಒಂದೊಂದೂ ಅದರದರ ಡಬ್ಬೀಲಿರಬೇಕು ಕಣೇ ಚೂಡಾ, ಸಾಸಿವೆ ಜೀರಿಗೆ ಬೆರೆಸಿಡ್ತಾರೇನೇ, ಏನು ಜಂಬ ಆಗ, ಚೀಟಿ ತೆಗೆದರೆ ಮಾತ್ರ ಮೊಮ್ಮಗು ಮೊದಲು ಅಜ್ಜ ಕೊನೆಗೆ, ಹಿರಿತನ ಇಡುವುದನ್ನೇ ಮರೆತಿದ್ದ ಮಹಾರಾಯ, ಭಕ್ತರು ಮುನಿಸಿಕೊಂಡರೆ ತಲೆ ಕೆರೆದುಕೊಂಡು ನಗುತ್ತಿದ್ದ, ಅದಕ್ಕೇ ಈಗ ಈ ಹೊಸದು, ಮಲ್ಟಿವ್ಯಾಲ್ಯೂ ಅಂತಾರೆ, ಒಂದು ಮನೆಗೆ ಒಂದೇ ದಾಖಲೆ, ಒಂದು ಕಡೆ ಮನೆಯವರ ಹೆಸರೆಲ್ಲ ಹಿರಿಯರಿಂದ ಕಿರಿಯರವರೆಗೆ, ಪಕ್ಕದಲ್ಲಿ ಅದೇ ಸಾಲಿಗೆ ನಕ್ಷತ್ರಗಳು, ಅರ್ಚಕರು ಒಂದೇ ಉಸಿರಿಗೆ ಸಂಕಲ್ಪ ಹೇಳುವ ಹಾಗೆ, ಅಣ್ಣ ಇದ್ದಿದ್ದರೆ ಒಪ್ಪುತ್ತಿರಲಿಲ್ಲ, ಜಗಳಕ್ಕೇ ಬರುತ್ತಿದ್ದ, ಆ ಜಗಳ ಬೇಕಿತ್ತು ಅವಳಿಗೆ, ಚನ್ನರಾಯಪಟ್ಟಣದ ರಸ್ತೆಯಲ್ಲಿ ಆ ಲಾರಿ ಬರದೇ ಇದ್ದಿದ್ದರೆ —

ಹೊಸದನ್ನು ಹಾಕಿಕೊಡಲು ಅರಕಲಗೂಡಿನಿಂದ ಬಂದಿರುವ ರಜನೀಶ್ ಪರದೆಯತ್ತ ಇಣುಕಿ, ಒಂದೇ ಕಡೆ ಅಳಿಸ್ಬುಟ್ರೆ ಇಂಗೇ ಆಗೋದು ಮೇಡಂ, ನಕ್ಷತ್ರಾನೂ ಅಳಿಸ್ಬುಡಿ, ಅದೂ ಸರ್ಕೊಂಡು ಮೇಲಕ್ಕೆ ಬತ್ತದೆ, ಇಲ್ಲಾಂದ್ರೆ ಎರಡೂ ಕಡೆ ಜಾಗ ಖಾಲಿ ಬುಡಿ, ಚೀಟೀಲಿ ಬರಕಿಲ್ಲ, ಸಾಲೂ ಕೆಡಕಿಲ್ಲ — ಬೇಗ ಮಾಡಬೇಕು, ಅಣ್ಣ ಹೋಗಿ ವರ್ಷ ತುಂಬಿದ ಮೇಲೆ ಅಮ್ಮ ಇವತ್ತೇ ಮೊದಲ ಸಲ ಗುಡಿಗೆ ಬರುತ್ತಿರುವುದು, ಸ್ವಾತಿ ಅನ್ನುವ ಒಂದು ಮಾತು ಕಿವಿಗೆ ಬಿದ್ದರೆ ಸಾಕು, ಅಲ್ಲೇ ಕುಸಿಯುತ್ತಾಳೆ, ಅಳಿಸು, ಬೆರಳು ಏಳುತ್ತಿಲ್ಲ, ಸರಿದು ಕೂತ್ಕೊಳೇ ಅಂದಿದ್ದಳು ಅಮ್ಮ, ವೈಕುಂಠ ಸಮಾರಾಧನೆಯ ಮಾರನೇ ದಿನ ಊಟಕ್ಕೆ, ಅಪ್ಪನ ಪಕ್ಕಕ್ಕೆ ಸರ್ಕೋ, ಮಧ್ಯೆ ಯಾಕೆ ಖಾಲಿ, ಸರಿದಳು, ಅಣ್ಣನ ಜಾಗದಲ್ಲೇ ಕೂತು ಉಂಡಳು, ಅವನು ಹಾಸನದಲ್ಲಿ ಬಸ್ಸು ತಪ್ಪಿಸಿಕೊಂಡ ದಿನ ಅದೇ ಅಮ್ಮ ಅವನ ಎಲೆ ಹಾಕಿ, ನೀರು ಚಿಮುಕಿಸಿ, ಬರ್ತಾನೆ ಇರಿ ಅನ್ನುತ್ತಿದ್ದಳು, ಯಾರೂ ಸರಿಯುತ್ತಿರಲಿಲ್ಲ, ಆ ಎಲೆ, ಇಲ್ಲ, ಈ ಸಲ ಸರಿಯುವುದಿಲ್ಲ, ಎರಡೂ ಕಡೆ ಖಾಲಿ ಬಿಟ್ಟಳು, ಚೀಟಿ ಬಂತು, ಅಪ್ಪ ಪಟ್ಟಾಭಿರಾಮ, ಅಮ್ಮ ಜಯಲಕ್ಷ್ಮಮ್ಮ, ಚೂಡಾಮಣಿ, ಪುಷ್ಯ, ಸರಿಯಾಗಿದೆ, ಅಮ್ಮನಿಗೆ ಏನೂ ಕೇಳಿಸುವುದಿಲ್ಲ, ಒಳಗೆ ಮಾತ್ರ ಅವನ ಜಾಗ ಹಾಗೇ ಇದೆ, ಅಪ್ಪನ ಎಲೆ, ತನ್ನ ಎಲೆ, ನಡುವೆ ಆ ಎಲೆ, ನೀರು ಚಿಮುಕಿಸಿಟ್ಟ ಎಲೆ, ನೀರಿನ್ನೂ ಆರಿಲ್ಲ, ಎಲೆ —