ಖಡಿ ಒಡೆಯುವವರ ಸಂಘ

ಮುಂಬಯಿಯ ಪವಾಯಿ ಕೆರೆಯ ಹಿಂದಿನ ಗುಡ್ಡದಲ್ಲಿ ಕಲ್ಲಿನ ಖಣಿ ನಡೆಸುತ್ತಿದ್ದ ಗುತ್ತಿಗೆದಾರ ೧೯೭೩ರ ದೀಪಾವಳಿ ಮುಗಿದ ಮೇಲೆ ಕೆಲಸ ಬಿಟ್ಟು ಹೋದ. ಕೂಲಿಕಾರರೇ ಸೇರಿ ಸಹಕಾರಿ ಸಂಘ ಕಟ್ಟಿಕೊಂಡರೆ ಖಣಿಯನ್ನು ಅವರಿಗೇ ಕೊಡುವುದಾಗಿ ಸರ್ಕಾರದವರು ಹೇಳಿದರು. ಅಲ್ಲಿ ಝೋಪಡಿ ಹಾಕಿಕೊಂಡಿದ್ದ ಮೂವತ್ತು ಮನೆಗಳವರೂ ಗುಲ್ಬರ್ಗಾ ಕಡೆಯವರು. ಎಲ್ಲರಿಗಿಂತ ಹಿರಿಯನಾದ ಗುರಲಿಂಗಪ್ಪ ಒಂದು ಭಾನುವಾರ ಬೆಳಿಗ್ಗೆ, ಲಾರಿ ತಿರುಗಿಸುವ ಬಯಲಿನಲ್ಲಿ ಎಲ್ಲರನ್ನೂ ಕೂಡಿಸಿ ಸದಸ್ಯರ ಪಟ್ಟಿ ಓದಿಸಿದ. ಇಪ್ಪತ್ತೊಂಬತ್ತು ಹೆಸರುಗಳು, ಎಲ್ಲವೂ ಗಂಡಸರವು.

ಹೆಂಗಸರು ಕೂತಿದ್ದ ಕಡೆಯಿಂದ ಲಕ್ಷ್ಮವ್ವ ಎದ್ದು ನಿಂತಳು.

"ಭಾವಾ, ನನ್ನ ಹೆಸರು ಓದಲಿಲ್ಲಲ್ರಿ."

"ಮನಿಗೊಂದು ಹೆಸರವ್ವ. ಮನಿ ಯಜಮಾನಂದು."

"ನನ್ನ ಮನಿ ಯಜಮಾನಿ ನಾನೇ ಇದ್ದೀನಿ."

ಗಂಡಸರಲ್ಲಿ ಕೆಲವರು ನಕ್ಕರು. ಲಕ್ಷ್ಮವ್ವನ ಗಂಡ ಮುರಿಗೆಪ್ಪ ನಾಲ್ಕು ವರ್ಷದ ಹಿಂದೆ ಇದೇ ಖಣಿಯಲ್ಲಿ ಸತ್ತಿದ್ದ. ಸಿಡಿಯದೆ ಉಳಿದ ಮದ್ದು, ಅವನು ಕಲ್ಲು ಸರಿಸುವಾಗ ಸಿಡಿದಿತ್ತು. ಮಣ್ಣು ಮಾಡಿ ಬಂದ ಹದಿನಾಲ್ಕನೆಯ ದಿನವೇ ಲಕ್ಷ್ಮವ್ವ ಸುತ್ತಿಗೆ ಹಿಡಿದು ಖಡಿ, ಅಂದರೆ ಜಲ್ಲಿಕಲ್ಲು, ಒಡೆಯಲು ಕೂತಿದ್ದಳು. ಮಗಳು ನೀಲಾಬಾಯಿಯನ್ನು ಶಾಲೆ ಬಿಡಿಸದೆ ಏಳನೆಯವರೆಗೆ ಓದಿಸಿದ್ದಳು.

"ನಿಂದು ಅಣವೀರಪ್ಪನ ಹೆಸರಿನಾಗ ಬರ್ತದ," ಎಂದ ಗುರಲಿಂಗಪ್ಪ. "ಮೈದುನ ಅಂದ್ರ ಬ್ಯಾರೇನು?"

ಅಣವೀರಪ್ಪ ನೆಲ ನೋಡುತ್ತ ಕೂತಿದ್ದ. ಕೆಟ್ಟವನಲ್ಲ, ಆದರೆ ಅಣ್ಣ ಸತ್ತ ಮೇಲೆ ಒಂದು ಸಲವೂ ಅತ್ತಿಗೆಯ ಬಾಗಿಲಿಗೆ ಬಂದು ಉಂಡಿರಾ ಎಂದು ಕೇಳಿದವನಲ್ಲ.

"ಕಲ್ಲು ಬಡಿಯೂದು ನನ್ನ ಕೈ, ಹೆಸರು ಅವಂದು. ಇದು ಯಾವ ನ್ಯಾಯ ಭಾವಾ?"

ಗುರಲಿಂಗಪ್ಪ ಉತ್ತರಿಸುವ ಮೊದಲೇ ಅವನ ಮಗ ಭೀಮರಾಯ ಹಿಂದಿನಿಂದ ಕೇಳಿದ: "ನಂದರೀ ಅಪ್ಪಾ? ಎರಡು ವರ್ಷದಿಂದ ಮದ್ದಿನ ಕುಳಿ ಹೊಡ್ಯಾಕತ್ತೀನಿ."

"ನಾ ಇನ್ನೂ ಸತ್ತಿಲ್ಲ. ಕೂಡು ಸುಮ್ನ!"

ಸಭೆ ಅಲ್ಲಿಗೆ ಮುಗಿಯಿತು.

ಮರುದಿನ ಬೆಳಿಗ್ಗೆ ನಳದ ಮುಂದೆ ಕೊಡಗಳ ಸಾಲಿನಲ್ಲಿ ಲಕ್ಷ್ಮವ್ವ ಮಾತು ತೆಗೆದಳು. ಶಹರದ ಫೋರ್ಟ್ ಭಾಗದಲ್ಲಿ ಸಂಘಗಳನ್ನು ದಾಖಲು ಮಾಡುವ ಕಚೇರಿ ಇದೆ, ಅಲ್ಲಿಗೆ ನಾವೇ ಅರ್ಜಿ ಒಯ್ಯೋಣ, ನೀಲಾ ಬರೆದುಕೊಡುತ್ತಾಳೆ ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆ ಗಂಡಂದಿರು ಏನು ಮಾಡುತ್ತಾರೆಂಬುದು ಅವರಿಗೆ ಗೊತ್ತಿತ್ತು. ಕೊನೆಗೆ ಕೊಡ ಕೆಳಗಿಟ್ಟವಳು ಗುರುಬಾಯಿ, ಗುರಲಿಂಗಪ್ಪನ ಹೆಂಡತಿ.

"ನೀಲಾ, ಬರಿ. ಮೊದಲ ನಂದೇ ಬರಿ."

"ಅಕ್ಕಾ, ನಿನ್ನ ಮನ್ಯಾಗ?" ಎಂದಳು ಲಕ್ಷ್ಮವ್ವ.

"ನನ್ನ ಮನಿ ನಾ ನೋಡ್ಕೋತೀನಿ. ಇಪ್ಪತ್ತು ವರ್ಷ ಒಡೆದೀನಿ, ನನ್ನ ಹೆಸರು ಒಂದು ಕಾಗದದ ಮ್ಯಾಲೂ ಇಲ್ಲ."

ನೀಲಾಬಾಯಿ ಗೆರೆ ಹಾಕಿದ ಹಾಳೆಯ ಮೇಲೆ ಹದಿನಾಲ್ಕು ಹೆಂಗಸರ, ಭೀಮರಾಯನೂ ಸೇರಿ ಐವರು ಹುಡುಗರ ಹೆಸರು ಬರೆದಳು. ಬುಧವಾರ ಹತ್ತು ಜನ ಭಾಂಡುಪ್ ಸ್ಟೇಷನ್ನಿನಿಂದ ಲೋಕಲ್ ಹಿಡಿದು ಬೋರಿಬಂದರಿನಲ್ಲಿ ಇಳಿದರು. ಕೆಲವರು ಮುಂಬಯಿಗೆ ಬಂದು ಹತ್ತು ವರ್ಷವಾಗಿದ್ದರೂ ಫೋರ್ಟ್ ನೋಡಿದ್ದು ಅಂದೇ. ಅಲ್ಲಿನ ಗೋಡೆಗಳನ್ನು ಮುಟ್ಟಿ ಗುರುಬಾಯಿ, "ಇಲ್ಲೂ ಕಲ್ಲೇ," ಎಂದಳು.

ಕಚೇರಿಯ ಕಾರಕೂನ ಫಾರ್ಮು ತುಂಬಿಸಿಕೊಳ್ಳಲು ಕೂತ. ಹೆಸರು, ವಯಸ್ಸು ಕೇಳಿ ಬರೆದ. ಮುಂದಿನ ಕಾಲಮನ್ನು ಯಾರನ್ನೂ ಕೇಳದೆ ತಾನೇ ತುಂಬುತ್ತ ಹೋದ. ಮರಾಠಿ ಓದಬಲ್ಲ ನೀಲಾಬಾಯಿ ಬಗ್ಗಿ ನೋಡಿದಳು.

"ಅವ್ವಾ, ಉದ್ಯೋಗ ಅಂತ ಇರೂ ಜಾಗಾದಾಗ ಘರ್‌ಕಾಮ್ ಅಂತ ಬರ್ದಾರ. ಮನಿಗೆಲಸ."

ಲಕ್ಷ್ಮವ್ವ ತನ್ನ ಎಡಗೈಯನ್ನು ಮೇಜಿನ ಮೇಲೆ ಚಾಚಿದಳು. ಹೆಬ್ಬೆರಳು ಮತ್ತು ತೋರುಬೆರಳಿನ ಉಗುರುಗಳು ಸುತ್ತಿಗೆ ಏಟಿಗೆ ಜಜ್ಜಿ ಕಪ್ಪಾಗಿ ಗಟ್ಟಿಯಾಗಿದ್ದವು.

"ಮೈ ಖಡಿ ತೋಡ್ತಿ, ಸಾಬ್. ವೈಸಾಚ್ ಲಿಖೋ." ತಾನು ಖಡಿ ಒಡೆಯುವವಳು, ಹಾಗೆಯೇ ಬರೆಯಿರಿ ಎಂದಳು.

"ಕ್ಯಾ ಫರಕ್ ಪಡ್ತಾ ಹೈ, ಬಾಯಿ?" ಅದರಿಂದ ಏನು ವ್ಯತ್ಯಾಸ ಎಂದ ಕಾರಕೂನ.

"ಫರಕ್ ನಹಿ ಪಡ್ತಾ, ತೋ ಬರಾಬರ್ ಲಿಖೋ." ವ್ಯತ್ಯಾಸವಿಲ್ಲದಿದ್ದರೆ ಸರಿಯಾಗಿಯೇ ಬರೆಯಿರಿ ಎಂದಳು ಲಕ್ಷ್ಮವ್ವ.

ಪಕ್ಕದ ಮೇಜಿನವನು ನಕ್ಕುಬಿಟ್ಟ. ಕಾರಕೂನ ಉಸಿರು ಬಿಟ್ಟು, ಬರೆದದ್ದನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿ, ಮೇಲೆ ಸರಿಯಾಗಿ ಬರೆದ. ಒಳಗಿದ್ದ ಸಾಹೇಬರು ಅರ್ಜಿ ನೋಡಿ, ಹದಿನೆಂಟು ತುಂಬಿದ, ಆ ಕೆಲಸವನ್ನೇ ಮಾಡುವ ಯಾರು ಬೇಕಾದರೂ ಸದಸ್ಯರಾಗಬಹುದು, ಹೆಂಗಸು ಗಂಡಸೆಂಬ ಭೇದ ಕಾನೂನಿನಲ್ಲಿಲ್ಲ ಎಂದರು. ಆದರೆ ಸಂಘದವರು ಸಭೆಯಲ್ಲಿ ಒಪ್ಪಬೇಕು.

ಸಂಘದವರು ಒಪ್ಪಲಿಲ್ಲ. ತನಗೆ ಹೇಳದೆ ಫೋರ್ಟಿಗೆ ಹೋದದ್ದು ಗುರಲಿಂಗಪ್ಪನನ್ನು ಕೆರಳಿಸಿತ್ತು. "ಮಂದಿ ಮುಂದ ನನ್ನ ಮಾರಿ ಮಣ್ಣು ಮಾಡಿದಿ," ಎಂದು ಲಕ್ಷ್ಮವ್ವನ ಮೇಲೆ ಕೂಗಾಡಿದ. ಕೈ ಎತ್ತಿಸಿದಾಗ ಅರ್ಜಿ ಬಿದ್ದುಹೋಯಿತು. ಪಟ್ಟಿಯಲ್ಲಿದ್ದವರು ಗಂಡಸರಷ್ಟೇ ಆದ್ದರಿಂದ ಕೈ ಎತ್ತಿದವರೂ ಅವರೇ.

ಹೊಸ ಸಂಘಕ್ಕೆ ಮೊದಲ ಕೆಲಸ ಬಂತು. ರಸ್ತೆ ಹಾಕುವ ಒಬ್ಬ ಗುತ್ತಿಗೆದಾರನಿಗೆ ಒಂದು ಇಂಚಿನ ಖಡಿ ಹತ್ತು ಲಾರಿ ಬೇಕಿತ್ತು. ಗಂಡಸರು ಕುಳಿ ಹೊಡೆದು, ಮದ್ದು ಸಿಡಿಸಿ, ಬಂಡೆಗಳನ್ನು ಸೀಳಿ ರಾಶಿ ಹಾಕಿದರು. ಹೆಂಗಸರು ಎಂದಿನ ಹಾಗೆ ಬಂದು ಎಂದಿನ ಜಾಗದಲ್ಲಿ ಕೂತರು. ಸುತ್ತಿಗೆಗಳನ್ನು ಮಡಿಲಲ್ಲಿಟ್ಟುಕೊಂಡರು. ಯಾರೂ ಎತ್ತಲಿಲ್ಲ. ಆ ಐವರು ಹುಡುಗರೂ ಅವರ ಪಕ್ಕ ಬಂದು ಕೂತರು.

"ಏನಿದು?" ಎಂದ ಗುರಲಿಂಗಪ್ಪ.

"ಮನಿಗೆಲಸ ಮುಗಿಸಿ ಬಂದೀವ್ರಿ," ಎಂದಳು ಲಕ್ಷ್ಮವ್ವ. "ಇದು ಸಂಘದ ಕೆಲಸ. ಸಂಘದವರು ಮಾಡ್ಲಿ."

ಹಟಕ್ಕೆ ಬಿದ್ದ ಗಂಡಸರು ತಾವೇ ಕೂತರು. ಬಂಡೆ ಸೀಳುವ ಕೈಗೆ ಸಣ್ಣ ಸುತ್ತಿಗೆಯ ಏಟು ಒಗ್ಗಲಿಲ್ಲ. ಒಂದು ಕಲ್ಲು ಪುಡಿಯಾದರೆ ಇನ್ನೊಂದು ಮುಷ್ಟಿಗಾತ್ರ ಉಳಿಯಿತು. ಅಣವೀರಪ್ಪ ಎರಡು ಸಲ ಬೆರಳು ಜಜ್ಜಿಕೊಂಡ. ಎರಡನೆಯ ದಿನ ಸಂಜೆಗೆ ಅರ್ಧ ಲಾರಿಯಾಯಿತು. ನೋಡಲು ಬಂದ ಗುತ್ತಿಗೆದಾರನ ಮನುಷ್ಯ ಒಂದು ಹಿಡಿ ಎತ್ತಿ ನೋಡಿ ಕೆಳಗೆ ಸುರಿದ. ಸೋಮವಾರದೊಳಗೆ ಸರಿಯಾದ ಮಾಲು ಸಿಗದಿದ್ದರೆ ಬೇರೆ ಖಣಿಗೆ ಹೋಗುತ್ತೇವೆಂದ.

ಆ ಎರಡೂ ದಿನ ಗುರಲಿಂಗಪ್ಪ ಹೆಂಡತಿಯೊಡನೆ ಮಾತಾಡಿರಲಿಲ್ಲ. ಮೂರನೆಯ ದಿನ ಎಲ್ಲರ ಮುಂದೆಯೇ ಅವಳನ್ನು ಕೇಳಿದ, "ನೀನಾರ ಏಳು. ನನ್ನ ಮಾತಿಗಿ ಬೆಲಿ ಇಲ್ಲೇನು?"

ಗುರುಬಾಯಿ ಕೂತಲ್ಲಿಂದ ಅಲುಗಲಿಲ್ಲ. "ನಿಮ್ಮ ಮಾತಿಗಿ ಇಪ್ಪತ್ತು ವರ್ಷ ಎದ್ದೀನಿ. ಇವತ್ತ ನನ್ನ ಮಾತಿಗಿ ನೀವು ಕೂಡ್ರಿ."

ಗುರಲಿಂಗಪ್ಪ ಕೂರಲಿಲ್ಲ. ಬಿಸಿಲು ಏರುತ್ತಿತ್ತು. ಸುತ್ತಲಿನ ಗಂಡಸರಲ್ಲಿ ಯಾರೂ ಈಗ ನಗುತ್ತಿರಲಿಲ್ಲ. ಕಡೆಗೆ ಅಣವೀರಪ್ಪನೇ ಬಟ್ಟೆ ಸುತ್ತಿದ ಬೆರಳನ್ನು ನೋಡಿಕೊಳ್ಳುತ್ತ, "ಅಣ್ಣಾ, ಬರಕೋರಿ ಇವರ ಹೆಸರು. ಅತ್ತಿಗಿದು ನನ್ನ ಹೆಸರಿನಾಗ ಬ್ಯಾಡ," ಎಂದ. ಗುರಲಿಂಗಪ್ಪ ಕಲ್ಲಿನ ಮೇಲೆ ಕೂತ. ನೀಲಾಬಾಯಿಯ ಹಾಳೆಯನ್ನೇ ತರಿಸಿ ಹತ್ತೊಂಬತ್ತು ಹೆಸರನ್ನೂ ಪಟ್ಟಿಗೆ ಏರಿಸಿದರು. ಭೀಮರಾಯನ ಹೆಸರು ಬಂದಾಗ ತಂದೆ ಅವನತ್ತ ನೋಡಲಿಲ್ಲ, ಆದರೆ ಬೇಡವೆನ್ನಲೂ ಇಲ್ಲ. ಹೆಂಗಸರು ಆ ಮಧ್ಯಾಹ್ನವೇ ಸುತ್ತಿಗೆ ಎತ್ತಿ, ಭಾನುವಾರ ಕತ್ತಲಾಗುವುದರೊಳಗೆ ಹತ್ತೂ ಲಾರಿ ತುಂಬಿಸಿದರು.

ಲಕ್ಷ್ಮವ್ವನನ್ನು ಐದು ಜನರ ಕಮಿಟಿಗೆ ಆರಿಸಿದರು. ಎರಡು ತಿಂಗಳ ಮೇಲೆ ಸಂಘ ಕುಳಿ ಕೊರೆಯುವ ಕಂಪ್ರೆಸರ್ ಮಶೀನನ್ನು ಬಾಡಿಗೆಗೆ ತರುವ ವಿಚಾರ ಬಂತು. ಅದನ್ನು ನಡೆಸಲು ಇಬ್ಬರನ್ನು ಭಾಂಡುಪಿನ ವರ್ಕ್‌ಶಾಪಿನಲ್ಲಿ ಕಲಿಯಲು ಕಳಿಸಬೇಕಿತ್ತು. ಒಬ್ಬ ಭೀಮರಾಯ ಎಂದು ಎಲ್ಲರೂ ಒಪ್ಪಿದರು.

"ಇನ್ನೊಬ್ಬಾಕಿ ನೀಲಾ," ಎಂದಳು ಲಕ್ಷ್ಮವ್ವ.

"ಮಶೀನ್ ಮ್ಯಾಲ ಹುಡುಗೀನ?" ಎಂದ ಗುರಲಿಂಗಪ್ಪ. "ಲಕ್ಷ್ಮವ್ವಾ, ಕೇಳಿದ್ದು ಕೊಟ್ಟೀವಿ. ಇನ್ನ ಸಾಕು ಮಾಡು."

ಕೈ ಎತ್ತಿಸಿದರು. ನಾಲ್ಕಕ್ಕೆ ಒಂದು. ಲಕ್ಷ್ಮವ್ವ ಸೋತಳು. ಎದ್ದು ಹೋಗುವ ಮೊದಲು, ತಾನು ಇದಕ್ಕೆ ಒಪ್ಪಿಲ್ಲವೆಂದು ಸಭೆಯ ವಹಿಯಲ್ಲಿ ಬರೆಸಿದಳು; ಬರೆದದ್ದನ್ನು ಎರಡು ಸಲ ಓದಿಸಿ ಕೇಳಿ, ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಭೀಮರಾಯ ವರ್ಕ್‌ಶಾಪಿಗೆ ಹೊರಟಾಗ, ದಾರಿಯಲ್ಲಿ ನೀಲಾಬಾಯಿ ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಲಕ್ಷ್ಮವ್ವ.

"ಚಿಗವ್ವಾ, ಕಮಿಟಿ ಬ್ಯಾಡ ಅಂದದಲ್ಲ?" ಎಂದ ಭೀಮರಾಯ.

"ಸಂಘದ ಖರ್ಚಿನಾಗ ಬ್ಯಾಡ ಅಂದದ. ಕಲೀಬ್ಯಾಡ ಅನ್ನಾಕ ಕಮಿಟಿ ಯಾರು?" ಎಂದು ಲಕ್ಷ್ಮವ್ವ ಮುಂದೆ ನಡೆದಳು. "ನಡೀರಿ, ವರ್ಕ್‌ಶಾಪಿನ ಮಾಲಕನ ಜೋಡಿ ನಾ ಮಾತಾಡ್ತೀನಿ."